ಯಾವ ಸಫ್‌ನಲ್ಲಿ ನಿಲ್ಲಲಿ?

ಕಳೆದ ರಮಝಾನಿನ ಎರಡನೇ ಜುಮಾ ಮುಗಿದು, ಚಪ್ಪಲಿ ಹುಡುಕುವ ಗದ್ದಲವೂ ಅಡಗಿದ ಮೇಲೆ, ವುಝೂ ಮಾಡುವ ನಲ್ಲಿಗಳ ಹತ್ತಿರ ಒಬ್ಬರು ನಮಗಾಗಿ ಕಾಯುತ್ತಾ ನಿಂತಿದ್ದರು. ಸೀರೆ ಉಟ್ಟಿದ್ದರು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಬಸ್ ನಿಲ್ದಾಣದ ಅಂಗಡಿ ಸಾಲಿನಲ್ಲಿ ಅವರನ್ನು ನಾವು ಹಲವು ಸಲ ನೋಡಿದ್ದೆವು. ಊರಿನವರು ಮಂಗಳಮುಖಿ ಎನ್ನುತ್ತಾರೆ. ನಮ್ಮವರು ಮನೆಮಾತಿನಲ್ಲಿ ಅದಕ್ಕಿಂತ ಒರಟಾದ ಪದವನ್ನೇ ಬಳಸುತ್ತಾರೆ. ಅವರು ಸಲಾಮ್ ಹೇಳಿದರು, ನಾವು ಉತ್ತರಿಸಿದೆವು. ಮುಂದೆ ಭಾಯಿ ಎನ್ನುವುದೋ ಆಪಾ ಎನ್ನುವುದೋ ತೋಚದೆ ಸುಮ್ಮನೆ ನಿಂತೆವು.

"ಹಜ್ರತ್, ಒಂದೇ ಮಾತು ಕೇಳಬೇಕಿತ್ತು. ರೋಝಾ ಹಿಡಿತಿದ್ದೀನಿ. ನಮಾಝ್ ಕೋಣೆಯಲ್ಲೇ ಮಾಡ್ತೀನಿ. ಈ ತಿಂಗಳಲ್ಲಾದರೂ ಜಮಾಅತ್ ಜೊತೆ ತರಾವೀಹ್ ಮಾಡಬೇಕು ಅಂತ ಆಸೆ. ಯಾವ ಸಫ್‌ನಲ್ಲಿ ನಿಲ್ಲಲಿ?"

"ಮನೆಯಲ್ಲೇ ಮಾಡಿಕೊಳ್ಳಿ, ಅಲ್ಲಾಹ್ ಕಬೂಲ್ ಮಾಡ್ತಾನೆ" ಎಂದುಬಿಟ್ಟೆವು. "ಸರಿ ಹಜ್ರತ್" ಎಂದು ಅವರು ಹೊರಟುಹೋದರು. ವಾದ ಮಾಡಲಿಲ್ಲ, ಬೇಸರವನ್ನೂ ತೋರಲಿಲ್ಲ. ಇಂಥ ಉತ್ತರ ಅವರಿಗೆ ಅಭ್ಯಾಸವಾಗಿತ್ತೆಂದು ಕಾಣುತ್ತದೆ.

ಆ ರಾತ್ರಿ ಸಹರಿಗೆ ಮೊದಲು ಹಿದಾಯಾದ ನಾಲ್ಕನೇ ಸಂಪುಟವನ್ನು ಕಪಾಟಿನಿಂದ ಇಳಿಸಿದೆವು. ಅದರ ಕೊನೆಯ ಪುಟಗಳಲ್ಲಿ ಖುನ್ಸಾ ಎಂಬ ಅಧ್ಯಾಯ ಇದೆ. ನಾವು ಓದಿದ ಮದ್ರಸಾದಲ್ಲಿ ಆ ಹೊತ್ತಿಗೆ ವರ್ಷವೇ ಮುಗಿದಿರುತ್ತಿತ್ತು. ಉಸ್ತಾದರು ಪುಟಗಳನ್ನು ಬೇಗ ಬೇಗ ತಿರುವಿ, ಇಂಥವರು ಎಲ್ಲೋ ಅಪರೂಪ ಎಂದು ಹೇಳಿ ಪುಸ್ತಕ ಮುಚ್ಚಿದ್ದರು. ಪರೀಕ್ಷೆಯಲ್ಲೂ ಅದರ ಪ್ರಶ್ನೆ ಬರುತ್ತಿರಲಿಲ್ಲ. ಅವರು ನಲ್ಲಿಯ ಬಳಿ ನಿಂತು ಕೇಳಿದ ಪ್ರಶ್ನೆಯನ್ನು ನಮ್ಮ ಮಝ್‌ಹಬಿನ ಇಮಾಮರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೇಳಿಕೊಂಡು, ಉತ್ತರವನ್ನೂ ಬರೆದಿಟ್ಟಿದ್ದರು. ನಮಗೇ ಅದು ನೆನಪಿರಲಿಲ್ಲ. ರಮಝಾನಿನ ಕೊನೆಯ ಜುಮಾದಲ್ಲಿ ಈ ಕುರಿತು ಸ್ವಲ್ಪ ಹೇಳಿದೆವು. ಅಂದು ಹೇಳಿದ್ದನ್ನೂ ಸಮಯ ಸಾಲದೆ ಬಿಟ್ಟದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಇದು ಫತ್ವಾ ಅಲ್ಲ. ಇತಿಹಾಸ ಓದಿದ ಒಬ್ಬ ಇಮಾಮನ ಬರಹ, ಅಷ್ಟೆ.

ಮೊದಲು ಪದಗಳ ಗೊಂದಲ ನಿವಾರಿಸಿಕೊಳ್ಳಬೇಕು. ಹಳೆಯ ಗ್ರಂಥಗಳಲ್ಲಿ ಮೂರು ಬೇರೆ ಬೇರೆ ಪದಗಳಿವೆ. ಹುಟ್ಟಿನಲ್ಲೇ ದೇಹದಲ್ಲಿ ಗಂಡು-ಹೆಣ್ಣು ಎರಡರ ಗುರುತೂ ಇರುವವರು, ಅಥವಾ ಯಾವ ಗುರುತೂ ಸ್ಪಷ್ಟವಿಲ್ಲದವರು ಖುನ್ಸಾ. ದೇಹ ಗಂಡಿನದಾಗಿದ್ದು ನಡೆ, ನುಡಿ, ಸ್ವಭಾವದಲ್ಲಿ ಹೆಣ್ತನ ಇರುವವರು ಮುಖನ್ನಸ್. ಶಸ್ತ್ರದಿಂದ ಪುರುಷತ್ವ ತೆಗೆಯಲ್ಪಟ್ಟವರು ಖಸಿ. ಫಾರಸಿ, ಉರ್ದುವಿನಲ್ಲಿ ಖ್ವಾಜಾಸರಾ. ಇಂದು ನಾವು ಮಂಗಳಮುಖಿ, ತೃತೀಯ ಲಿಂಗಿ ಎಂದು ಕರೆಯುವವರಲ್ಲಿ ಈ ಮೂರೂ ಬಗೆಯವರಿರಬಹುದು, ಯಾವುದಕ್ಕೂ ಸರಿಯಾಗಿ ಹೊಂದದವರೂ ಇರಬಹುದು. ಒಂದರ ಹುಕುಮನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ಹಚ್ಚುವುದು ತಪ್ಪಾಗುತ್ತದೆ. ಆದರೆ ಈ ಮೂವರಿಗೂ ಸಮಾನವಾದ ಒಂದು ಸಂಗತಿ ಇತಿಹಾಸದುದ್ದಕ್ಕೂ ಕಾಣಸಿಗುತ್ತದೆ. ಅವರು ನಮಾಝ್ ಮಾಡುತ್ತಿದ್ದರು.

ಮದೀನಾದಿಂದಲೇ ಪ್ರಾರಂಭಿಸೋಣ. ಪ್ರವಾದಿವರ್ಯರ(ಸ) ಕಾಲದಲ್ಲಿ ಆ ನಗರದಲ್ಲಿ ಮುಖನ್ನಸ್‌ಗಳಿದ್ದರು. ಅವರಲ್ಲಿ ಹೀತ್ ಎಂಬವರ ಹೆಸರು ಹದೀಸ್ ವ್ಯಾಖ್ಯಾನಗಳಲ್ಲಿ ಬರುತ್ತದೆ. ಇವರು ಸ್ತ್ರೀಯರ ಕೋಣೆಗಳಿಗೂ ಹೋಗಿಬರುತ್ತಿದ್ದರು; ಅದಕ್ಕೆ ತಡೆ ಇರಲಿಲ್ಲ. ಸೂರಃ ಅನ್ನೂರ್‌ನ 31ನೇ ವಚನದಲ್ಲಿ ಸ್ತ್ರೀಯರ ಕಡೆ ಆಸೆಯಿಲ್ಲದ ಪುರುಷ ಸೇವಕರಿಗೆ ಇರುವ ವಿನಾಯಿತಿಯಲ್ಲಿ ಇಂಥವರೂ ಸೇರುತ್ತಾರೆಂದು ಹಲವು ಮುಫಸ್ಸಿರ್‌ಗಳು ಬರೆದಿದ್ದಾರೆ. ಹಿಜ್ರಿ 8ರಲ್ಲಿ, ತಾಇಫ್ ಮುತ್ತಿಗೆಯ ಸಮಯದಲ್ಲಿ, ಹಝ್ರತ್ ಉಮ್ಮು ಸಲಮಾರ(ರ) ಬಿಡಾರದಲ್ಲಿ ಒಬ್ಬ ಮುಖನ್ನಸ್ ತಾಇಫಿನ ಒಬ್ಬ ಹೆಣ್ಣುಮಗಳ ಮೈಕಟ್ಟನ್ನು ಅವರ ಸಹೋದರನಿಗೆ ವರ್ಣಿಸಿ ಹೇಳಿದ್ದು ಪ್ರವಾದಿವರ್ಯರ(ಸ) ಕಿವಿಗೆ ಬಿತ್ತು. ಇನ್ನು ಮುಂದೆ ಇವರನ್ನು ಸ್ತ್ರೀಯರ ಬಳಿ ಬಿಡಬೇಡಿರೆಂದು ಅವರು ಆದೇಶಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಘಟನೆ ಇದೆ. ಗಮನಿಸಬೇಕಾದ್ದೆಂದರೆ, ತಡೆ ಬಂದದ್ದು ಪರದೆಯೊಳಗಿನ ಮಾತನ್ನು ಪರಪುರುಷನಿಗೆ ಮುಟ್ಟಿಸಿದ್ದಕ್ಕೆ. ಅದಕ್ಕೂ ಮೊದಲು ಅವರ ನಡಿಗೆ, ದನಿ ಹೇಗಿತ್ತೋ ಹಾಗೆಯೇ ಇತ್ತು. ಆ ಕಾರಣಕ್ಕೆ ಅವರನ್ನು ಯಾರೂ ಹೊರಹಾಕಿರಲಿಲ್ಲ.

ಅಬೂ ದಾವೂದ್‌ನಲ್ಲಿರುವ ಇನ್ನೊಂದು ವರದಿ ಇದಕ್ಕಿಂತ ಕಠಿಣವಾಗಿದೆ. ಅದನ್ನು ಮುಚ್ಚಿಡುವುದು ನಮ್ಮ ಕೆಲಸವಲ್ಲ. ಕೈಕಾಲುಗಳಿಗೆ ಮೆಹಂದಿ ಹಚ್ಚಿಕೊಂಡಿದ್ದ ಒಬ್ಬ ಮುಖನ್ನಸ್‌ನನ್ನು ಜನ ಪ್ರವಾದಿವರ್ಯರ(ಸ) ಮುಂದೆ ತಂದು ನಿಲ್ಲಿಸಿದರು. ಅವರು ಆ ವ್ಯಕ್ತಿಯನ್ನು ನಕೀಅ್ ಎಂಬ ಸ್ಥಳಕ್ಕೆ ಕಳಿಸುವಂತೆ ಹೇಳಿದರು. ಇದು ಮದೀನಾದ ಹೊರಗಿನ ಜಾಗ. ಕಬರಸ್ತಾನವಿರುವ ಬಕೀಅ್ ಅಲ್ಲ ಎಂಬ ಸ್ಪಷ್ಟನೆ ಅಬೂ ದಾವೂದ್‌ನಲ್ಲೇ ಇದೆ. ಆಗ ಅಲ್ಲಿದ್ದವರಲ್ಲಿ ಕೆಲವರು, ಕೊಂದುಬಿಡಬಾರದೇ ಎಂದು ಕೇಳಿದರು. ನಮಾಝ್ ಮಾಡುವವರನ್ನು ಕೊಲ್ಲುವುದರಿಂದ ತಮ್ಮನ್ನು ತಡೆಯಲಾಗಿದೆ ಎಂಬರ್ಥದ ಉತ್ತರ ಬಂತು.

ಈ ವರದಿಯನ್ನು ಎಷ್ಟೋ ಸಲ ಓದಿದ್ದೆವು. ಗಡೀಪಾರಿನ ಕಡೆಗೇ ಕಣ್ಣು ಹೋಗುತ್ತಿತ್ತು. ಈ ಬಾರಿ ಕೊನೆಯ ಪದದ ಬಳಿ ನಿಂತೆವು. ಜನ ಮೆಹಂದಿ ನೋಡಿದರು. ಪ್ರವಾದಿವರ್ಯರು(ಸ) ನಮಾಝನ್ನು ನೋಡಿದರು. ಆ ವ್ಯಕ್ತಿಯ ಪ್ರಾಣ ಉಳಿದದ್ದು ಆ ಒಂದು ಗುರುತಿನಿಂದ.

ಸ್ತ್ರೀಯರ ವೇಷ ಧರಿಸುವ ಪುರುಷರ ಮೇಲೆ, ಪುರುಷರ ವೇಷ ಧರಿಸುವ ಸ್ತ್ರೀಯರ ಮೇಲೆ ಶಾಪವಿದೆಯೆಂಬ ಹದೀಸ್ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ, ಸಹೀಹ್ ಹದೀಸ್. ಅದರ ವ್ಯಾಪ್ತಿ ಎಷ್ಟೆಂಬುದನ್ನು ಹಿಜ್ರಿ 676ರಲ್ಲಿ ತೀರಿಕೊಂಡ ಇಮಾಮ್ ನವವಿಯವರು(ರಹ್) ಸಹೀಹ್ ಮುಸ್ಲಿಮ್‌ನ ವ್ಯಾಖ್ಯಾನದಲ್ಲಿ ವಿವರಿಸಿದ್ದಾರೆ. ಸೃಷ್ಟಿಯಲ್ಲೇ ಹಾಗಿರುವವರು ಒಂದು ಬಗೆ: ಅವರ ಮೇಲೆ ದೂರಿಲ್ಲ, ಪಾಪವಿಲ್ಲ, ಅವರು ಅದನ್ನು ಕೇಳಿ ಪಡೆದವರಲ್ಲ. ಬೇಕೆಂದೇ ಅನುಕರಿಸುವವರು ಇನ್ನೊಂದು ಬಗೆ, ಶಾಪ ಇವರಿಗೆ. ಒಬ್ಬರ ಎದೆಯಲ್ಲಿ ಇದರಲ್ಲಿ ಯಾವುದಿದೆಯೆಂದು ಮಸೀದಿಯ ಬಾಗಿಲಲ್ಲಿ ನಿಂತು ಅಳೆಯುವ ತಕ್ಕಡಿ ನಮ್ಮ ಬಳಿ ಇಲ್ಲ.

ಬುಖಾರಿಯಲ್ಲೇ ಇನ್ನೊಂದು ಚಿಕ್ಕ ಮಾತಿದೆ, ಯಾರೂ ಅಷ್ಟಾಗಿ ಗಮನಿಸದ್ದು. ಹಿಜ್ರಿ 124ರಲ್ಲಿ ತೀರಿಕೊಂಡ ಮಹಾನ್ ಹದೀಸ್ ವಿದ್ವಾಂಸ ಇಮಾಮ್ ಝುಹ್ರಿಯವರ(ರಹ್) ಅಭಿಪ್ರಾಯ ಅದು: ಅನಿವಾರ್ಯ ಸಂದರ್ಭದ ಹೊರತು ಮುಖನ್ನಸ್‌ನ ಹಿಂದೆ ನಮಾಝ್ ಮಾಡುವುದನ್ನು ಅವರು ಒಪ್ಪುವುದಿಲ್ಲ. ಮೇಲ್ನೋಟಕ್ಕೆ ಇದು ನಿಷೇಧದಂತೆಯೇ ಕಾಣುತ್ತದೆ. ಆದರೆ ಇಮಾಮತ್‌ನ ಬಗ್ಗೆ ಪ್ರಶ್ನೆ ಏಳಬೇಕಾದರೆ ಅವರು ಸಫ್‌ನಲ್ಲಂತೂ ಇರಲೇಬೇಕಲ್ಲ? ಅನಿವಾರ್ಯವಾದರೆ ಮುಂದೆ ನಿಲ್ಲಲೂಬಹುದೆಂಬ ಬಾಗಿಲನ್ನು ಝುಹ್ರಿಯವರು ಮುಚ್ಚಲಿಲ್ಲ. ನಾವು ಹಿಂದೆ ನಿಲ್ಲುವ ಬಾಗಿಲನ್ನೇ ಮುಚ್ಚಿದ್ದೇವೆ.

ಮದೀನಾದ ಈ ಜನರಿಗೆ ಕೆಟ್ಟ ಕಾಲವೂ ಬಂತು. ಉಮಯ್ಯಾ ಖಲೀಫ ಸುಲೈಮಾನರ ಆಳ್ವಿಕೆಯಲ್ಲಿ (ಕ್ರಿ.ಶ. 715-717) ಮುಖನ್ನಸ್‌ಗಳನ್ನು ಲೆಕ್ಕ ಹಾಕಿ ಎಂದು ಮದೀನಾದ ಗವರ್ನರರಿಗೆ ಆದೇಶ ಬಂತೆಂದೂ, ಅರಬಿಯಲ್ಲಿ ಲೆಕ್ಕ ಹಾಕು ಎಂಬ ಪದದ ಮೇಲೆ ಒಂದು ಚುಕ್ಕೆ ಬಿದ್ದರೆ ಅದು ಬೀಜ ಒಡೆ ಎಂದಾಗುತ್ತದೆಂದೂ, ಪತ್ರದ ಮೇಲೆ ಹಾಗೊಂದು ಮಸಿಯ ಚುಕ್ಕೆ ಬಿದ್ದು ಹಲವರ ದೇಹಕ್ಕೆ ಕತ್ತಿ ಬಿತ್ತೆಂದೂ ಕಿತಾಬುಲ್ ಅಗಾನಿಯಲ್ಲಿ ಕಥೆ ಇದೆ. ಈ ಚುಕ್ಕೆಯ ಕಥೆಯನ್ನು ವಿದ್ವಾಂಸರು ಪೂರ್ತಿ ನಂಬುವುದಿಲ್ಲ, ನಮಗೂ ಸಂಶಯವಿದೆ. ಮಾಡಿದ ತಪ್ಪನ್ನು ಮಸಿಯ ಮೇಲೆ ಹೊರಿಸುವುದು ಆಡಳಿತಗಾರರ ಹಳೆಯ ಚಾಳಿ. ಬೀಜ ಒಡೆಯುವುದು ಶರೀಅತ್‌ನಲ್ಲಿ ನಿಷಿದ್ಧವೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಆರಾಧನೆಗೆಂದು ಸಂಸಾರ ತೊರೆಯಲು ಬಯಸಿದ ಉಸ್ಮಾನ್ ಬಿನ್ ಮಝ್‌ಊನರಿಗೂ(ರ) ಪ್ರವಾದಿವರ್ಯರು(ಸ) ಅನುಮತಿ ಕೊಡಲಿಲ್ಲ. ಕೊಟ್ಟಿದ್ದರೆ ನಾವೆಲ್ಲ ಬೀಜ ಒಡೆಸಿಕೊಳ್ಳುತ್ತಿದ್ದೆವು ಎಂದು ಸಹಾಬಿಯೊಬ್ಬರು ಹೇಳಿದ್ದು ಬುಖಾರಿಯಲ್ಲಿದೆ.

ಈಗ ಹಿದಾಯಾಕ್ಕೆ ಬರೋಣ. ಅದನ್ನು ಬರೆದ ಮರ್ಗೀನಾನಿಯವರು(ರಹ್) ಫರ್ಗಾನಾ ಕಣಿವೆಯವರು. ಹಿಜ್ರಿ 593ರಲ್ಲಿ, ಅಂದರೆ 1197ರಲ್ಲಿ ತೀರಿಕೊಂಡರು. ಗಂಡೆಂದೂ ಹೆಣ್ಣೆಂದೂ ತೀರ್ಮಾನಿಸಲಾಗದ ಖುನ್ಸಾ ಮುಶ್ಕಿಲ್ ಎಂಬವರ ಕುರಿತು ಅವರು ಕೊಡುವ ವಿವರಗಳನ್ನು ನೋಡಿ. ಜಮಾಅತ್‌ನಲ್ಲಿ ಅವರ ಸ್ಥಾನ ಪುರುಷರ ಸಫ್‌ಗಳಿಗೂ ಸ್ತ್ರೀಯರ ಸಫ್‌ಗಳಿಗೂ ನಡುವೆ. ತಲೆ ಮುಚ್ಚಿಕೊಂಡು ನಮಾಝ್ ಮಾಡಬೇಕು. ಕೂರುವಾಗ ಸ್ತ್ರೀಯರಂತೆ ಕೂರಬೇಕು. ತಪ್ಪಿ ಪುರುಷರ ಸಫ್‌ನಲ್ಲಿ ನಿಂತರೆ ಅವರ ನಮಾಝ್ ಪೂರ್ತಿಯಾಯಿತು. ಅಕ್ಕಪಕ್ಕದವರು ಮತ್ತು ನೇರ ಹಿಂದಿದ್ದವರು ಎಚ್ಚರಿಕೆಗಾಗಿ ತಮ್ಮದನ್ನು ಮತ್ತೊಮ್ಮೆ ಮಾಡಲಿ. ಇಲ್ಲಿ ನಮಗೆ ನಗು ಬಂತು. ಪಕ್ಕದವರಿಗೆ ತೊಂದರೆಯಾದೀತೆಂದು ನಾವು ಅವರನ್ನು ಹೊರಗಿಡುತ್ತೇವೆ. ನಮ್ಮ ಇಮಾಮರು ಪಕ್ಕದವರಿಗೆ ಇನ್ನೊಂದು ಸಲ ನಮಾಝ್ ಮಾಡಿಕೊಳ್ಳಿ ಎನ್ನುತ್ತಾರೆ.

ಹಜ್ಜಿನ ವಿಷಯ ಇನ್ನೂ ಸ್ವಾರಸ್ಯಕರ. ಖುನ್ಸಾ ಇಹ್ರಾಮ್ ಕಟ್ಟಿದರೆ ಯಾವ ಬಟ್ಟೆ? ಪುರುಷರಿಗೆ ಹೊಲಿದ ಬಟ್ಟೆ ಕೂಡದು; ಸ್ತ್ರೀಯರಿಗೆ ಹೊಲಿದದ್ದನ್ನು ಬಿಡುವುದು ಕೂಡದು. ಇಮಾಮ್ ಮುಹಮ್ಮದ್(ರಹ್) ಸ್ತ್ರೀಯರ ಬಟ್ಟೆ ತೊಡಲಿ ಎಂದರು. ಇಮಾಮ್ ಅಬೂ ಯೂಸುಫ್(ರಹ್) ಏನೆಂದರು? ಅವರ ಬಟ್ಟೆಯ ಬಗ್ಗೆ ತಮಗೆ ತಿಳಿವಳಿಕೆಯಿಲ್ಲ ಎಂದರು. ಹಾರೂನ್ ರಶೀದರ ಸಾಮ್ರಾಜ್ಯದ ಮುಖ್ಯ ಖಾಝಿ, ನಮ್ಮ ಮಝ್‌ಹಬಿನ ಎರಡನೇ ಸ್ತಂಭ, ತಮಗೆ ಗೊತ್ತಿಲ್ಲವೆಂದು ಹೇಳಿದರು. ನೀನು ಹಜ್ಜಿಗೆ ಹೋಗಬೇಡ ಎಂದು ಹೇಳಲಿಲ್ಲ.

ಮರಣದ ವಿಷಯದಲ್ಲೂ ಹೀಗೆಯೇ. ದೊಡ್ಡ ವಯಸ್ಸಿನ ಖುನ್ಸಾ ತೀರಿಕೊಂಡರೆ ಗಂಡಸರೂ ಹೆಂಗಸರೂ ಗುಸ್ಲ್ ಮಾಡಿಸುವಂತಿಲ್ಲ, ತಯಮ್ಮುಮ್ ಮಾಡಿಸಬೇಕು. ಸ್ತ್ರೀಯರಂತೆ ಐದು ಬಟ್ಟೆಯ ಕಫನ್ ಉತ್ತಮ. ಪುರುಷ, ಸ್ತ್ರೀ, ಖುನ್ಸಾ ಮೂವರ ಜನಾಝ ಒಟ್ಟಿಗೆ ಬಂದರೆ ಇಮಾಮರ ಹತ್ತಿರ ಪುರುಷ, ಆಮೇಲೆ ಖುನ್ಸಾ, ಆಮೇಲೆ ಸ್ತ್ರೀ. ಸಫ್‌ನಲ್ಲಿ ಎಲ್ಲಿ ನಿಂತಿದ್ದರೋ ಜನಾಝದಲ್ಲೂ ಅದೇ ಕ್ರಮ. ಇಡೀ ಅಧ್ಯಾಯದಲ್ಲಿ ಎಲ್ಲಿ, ಹೇಗೆ, ಯಾವ ಬಟ್ಟೆಯಲ್ಲಿ ಎಂಬ ಪ್ರಶ್ನೆಗಳಿವೆ. ಇವರು ನಮಾಝಿಗೆ ಬರಬಹುದೇ ಎಂಬ ಪ್ರಶ್ನೆ ಒಂದು ಸಾಲಿನಲ್ಲೂ ಇಲ್ಲ. ಫರ್ಝ್ ಆದ ಮೇಲೆ ಬರಬಹುದೇ ಎಂದು ಕೇಳುವುದಾದರೂ ಹೇಗೆ?

ಖುನ್ಸಾ ಬರೀ ಪುಸ್ತಕದ ಲೆಕ್ಕಾಚಾರವಾಗಿರಲಿಲ್ಲ ಎಂಬುದಕ್ಕೆ ಒಂದು ಸಾಕ್ಷ್ಯವಿದೆ. ಸ್ಪೇನಿನ ಸೆವಿಲ್ಲೆ ನಗರದ ಕಾಝಿ ಅಬೂಬಕ್ರ್ ಇಬ್ನುಲ್ ಅರಬಿ (ಹಿ. 468-543) ಮಾಲಿಕೀ ಮಝ್‌ಹಬಿನ ದೊಡ್ಡ ಆಲಿಮ್. ಸೂಫಿ ಇಬ್ನು ಅರಬಿ ಬೇರೆ, ಇವರು ಬೇರೆ. ಸೂರಃ ಅಶ್ಶೂರಾದ 49, 50ನೇ ವಚನಗಳಲ್ಲಿ ಅಲ್ಲಾಹನು ತಾನು ಬಯಸಿದ್ದನ್ನು ಸೃಷ್ಟಿಸುತ್ತಾನೆಂದು ಹೇಳಿ, ಹೆಣ್ಣು, ಗಂಡು, ಎರಡೂ, ಸಂತಾನವಿಲ್ಲದವರು ಎಂದು ಎಣಿಸುವುದನ್ನು ನಾವೆಲ್ಲ ಬಲ್ಲೆವು. ಈ ಪಟ್ಟಿಯಲ್ಲಿ ಹೆಸರಿಲ್ಲವೆಂದು ಖುನ್ಸಾ ಎಂಬುವರೇ ಇಲ್ಲವೆನ್ನುವವರು ಆಗಲೂ ಇದ್ದರು. ಇಬ್ನುಲ್ ಅರಬಿ ಅವರನ್ನು ಅಜ್ಞಾನಿಗಳೆಂದು ತಳ್ಳಿಹಾಕುತ್ತಾರೆ: ಬಯಸಿದ್ದನ್ನು ಸೃಷ್ಟಿಸುತ್ತಾನೆ ಎಂಬ ಮೊದಲ ಮಾತಿನಲ್ಲೇ ಎಲ್ಲರೂ ಬಂದರು, ಪಟ್ಟಿಯಲ್ಲಿರುವುದು ಸಾಮಾನ್ಯವಾದದ್ದು ಮಾತ್ರ. ಆಮೇಲೆ ಒಂದು ನೆನಪು ಹೇಳುತ್ತಾರೆ. ತಾವು ಪೂರ್ವದೇಶಗಳಲ್ಲಿ ಓದುವಾಗ ಅಬೂ ಸಈದ್ ರಿಬಾತ್‌ನಲ್ಲಿ, ದಾನಿಶ್‌ಮಂದ್ ಎಂದು ಹೆಸರಾದ ಇಮಾಮರ ಪಾಠಕ್ಕೆ ಮಗ್ರಿಬ್ ಕಡೆಯ ಒಬ್ಬ ಖುನ್ಸಾ ಜೊತೆಗಿದ್ದರು. ಗಡ್ಡವಿರಲಿಲ್ಲ, ಸ್ತನಗಳಿದ್ದವು. ಬಹಳ ಕಾಲ ಒಡನಾಟವಿದ್ದರೂ ಸಂಕೋಚದಿಂದ ಅವರ ಸ್ಥಿತಿಯ ಬಗ್ಗೆ ಕೇಳಲಿಲ್ಲ. ಕೇಳಬೇಕಿತ್ತೆಂದು ಈಗ ಅನಿಸುತ್ತದೆ ಎಂದು ವೃದ್ಧ ಕಾಝಿ ಬರೆಯುತ್ತಾರೆ. ಕುರ್ತುಬಿಯವರ ತಫ್ಸೀರಿನಲ್ಲೂ ಈ ಪ್ರಸಂಗವಿದೆ.

ಒಂಬೈನೂರು ವರ್ಷಗಳ ಹಿಂದೆ ಒಬ್ಬ ಖುನ್ಸಾ ಸಾವಿರಾರು ಮೈಲಿ ದೂರದಿಂದ ದೀನಿನ ವಿದ್ಯೆಗಾಗಿ ಬಂದು, ಮುಂದೆ ಕಾಝಿಯಾಗಲಿದ್ದವರ ಜೊತೆ ಒಂದೇ ಉಸ್ತಾದರ ಮುಂದೆ ಕುಳಿತಿದ್ದರು. ಅವರ ಹೆಸರನ್ನು ಇಬ್ನುಲ್ ಅರಬಿ ಹೇಳುವುದಿಲ್ಲ. ನಲ್ಲಿಯ ಬಳಿ ನಿಂತವರ ಹೆಸರನ್ನು ನಾವೂ ಅಂದು ಕೇಳಿರಲಿಲ್ಲ.

ಮದೀನಾ ಝಿಯಾರತ್ ಮಾಡಿದ ನಮ್ಮ ಓದುಗರಿಗೆ ಒಂದು ಜಾಗ ನೆನಪಿರಬಹುದು. ಬಾಬೇ ಜಿಬ್ರೀಲ್‌ನಿಂದ ಒಳಗೆ ಬಂದರೆ ಬಲಗಡೆ, ಪವಿತ್ರ ಹುಜ್ರಾದ ಉತ್ತರಕ್ಕೆ, ನೆಲದಿಂದ ಸ್ವಲ್ಪ ಎತ್ತರದ ಕಟ್ಟೆ ಇದೆ. ಅಲ್ಲಿ ಕುಳಿತು ಕುರ್‌ಆನ್ ಓದಲು ಹಾಜಿಗಳು ಪೈಪೋಟಿ ನಡೆಸುತ್ತಾರೆ. ಹಲವರು ಅದನ್ನೇ ಅಸ್‌ಹಾಬೇ ಸುಫ್ಫಾದ ಕಟ್ಟೆ ಎಂದುಕೊಳ್ಳುತ್ತಾರೆ. ಅದರ ಹೆಸರು ದಕ್ಕತುಲ್ ಅಗವಾತ್, ಆಗಾಗಳ ಕಟ್ಟೆ. ಆಗಾ ಎಂದರೆ ಇಲ್ಲಿ ಮಸ್ಜಿದುನ್ನಬವಿಯ ಖಸಿ ಸೇವಕರು. ಹಿಜ್ರಿ ಆರನೇ ಶತಮಾನದಲ್ಲಿ ಇವರ ನೇಮಕ ಶುರುವಾಯಿತು. ನೂರುದ್ದೀನ್ ಝಂಗಿಯವರು ನೇಮಿಸಿದರೆಂದು ಕೆಲವರು, ಸಲಾಹುದ್ದೀನ್ ಅಯ್ಯೂಬಿಯವರೆಂದು ಕೆಲವರು ಹೇಳುತ್ತಾರೆ. 1184ರಲ್ಲಿ ಬಂದ ಯಾತ್ರಿಕ ಇಬ್ನು ಜುಬೈರ್ ಇವರನ್ನು ಕಂಡು, ಇವರ ಶುಭ್ರ ಉಡುಪನ್ನೂ ಘನತೆಯನ್ನೂ ಬರೆದಿದ್ದಾರೆ. 1326ರಲ್ಲಿ ಬಂದ ಇಬ್ನು ಬತೂತಾ ಇವರ ಮುಖ್ಯಸ್ಥರು ದೊಡ್ಡ ಅಮೀರರಂತೆ ಕಾಣುತ್ತಿದ್ದರೆಂದೂ, ಇವರ ವೇತನ ಈಜಿಪ್ಟ್ ಮತ್ತು ಶಾಮ್‌ನಿಂದ ಪ್ರತಿವರ್ಷ ಬರುತ್ತಿತ್ತೆಂದೂ ಹೇಳುತ್ತಾರೆ.

ಏನು ಕೆಲಸ? ಕಸ ಗುಡಿಸುವುದು, ದೀಪ ಹಚ್ಚುವುದು, ಇಶಾ ಮುಗಿದ ಮೇಲೆ ಜನರನ್ನು ಕಳಿಸಿ ಬಾಗಿಲು ಹಾಕುವುದು, ರಾತ್ರಿ ಕಾವಲು, ಸ್ತ್ರೀ ಪುರುಷರ ಗುಂಪು ಬೆರೆಯದಂತೆ ನೋಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ಸುಲ್ತಾನರಿಗೂ ಸುಲಭವಾಗಿ ಪ್ರವೇಶವಿಲ್ಲದ ಹುಜ್ರಾದ ಒಳಗಿನ ಸೇವೆ. ಮಕ್ಕಾದ ಹರಮ್‌ನಲ್ಲೂ ಆಗಾಗಳಿದ್ದರು. ಏಕೆ ಇವರನ್ನೇ ಆರಿಸಿದರು? ಶಾನ್ ಮಾರ್ಮನ್ ಎಂಬ ಇತಿಹಾಸಕಾರ್ತಿ 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಮನೆಯಲ್ಲಿ ಝನಾನಾಕ್ಕೂ ದಿವಾನಖಾನೆಗೂ ನಡುವೆ ನಿಲ್ಲಬಲ್ಲವರು ಇವರೇ ಆಗಿದ್ದರು. ಹಾಗೆಯೇ ಪ್ರವಾದಿವರ್ಯರ(ಸ) ಮನೆಯ ಹೊಸ್ತಿಲಿಗೂ ಇವರೇ ತಕ್ಕವರೆಂದು ಆ ಕಾಲದವರು ಭಾವಿಸಿದರು ಎಂಬುದು ಆಕೆಯ ವಾದದ ಸಾರ. ಹುಜ್ರಾ ಮೊದಲು ಹಝ್ರತ್ ಆಯಿಶಾರ(ರ) ಮನೆಯಾಗಿತ್ತು ಎಂಬುದನ್ನು ನೆನೆದರೆ ಈ ಮಾತು ಮನಸ್ಸಿಗೆ ಒಪ್ಪುತ್ತದೆ.

ಇಲ್ಲಿ ಒಂದು ನೋವಿನ ಸತ್ಯವನ್ನೂ ಹೇಳಬೇಕು. ಈ ಸೇವಕರಲ್ಲಿ ಹೆಚ್ಚಿನವರು ಹಬಶ್ ಮುಂತಾದ ಕಡೆಗಳಿಂದ ಬಾಲ್ಯದಲ್ಲೇ ಗುಲಾಮರಾಗಿ ಮಾರಲ್ಪಟ್ಟು ಕತ್ತಿಗೆ ಒಳಗಾದವರು. ಬೀಜ ಒಡೆಯುವುದು ಹರಾಮ್ ಎಂದು ಬರೆದ ಸಮುದಾಯವೇ, ಬೇರೆ ಯಾರೋ ಒಡೆದು ತಂದವರನ್ನು ಹಣ ಕೊಟ್ಟು ಕೊಂಡಿತು. ಹರಮ್‌ನ ಸೇವೆಯ ಗೌರವದಿಂದ ಆ ಅನ್ಯಾಯ ಅಳಿಸಿಹೋಗುವುದಿಲ್ಲ. ಇವರೂ ಇಂದಿನ ಮಂಗಳಮುಖಿಯರೂ ಒಂದೇ ಎಂದು ನಾವು ಹೇಳುತ್ತಿಲ್ಲ. ಗಂಡೂ ಅಲ್ಲದ ಹೆಣ್ಣೂ ಅಲ್ಲದ ದೇಹವೆಂದು ಜನ ಕರೆದ ದೇಹಗಳು ಎಂಟು ಶತಮಾನ ರೌಝಾದ ದೀಪ ಹಚ್ಚಿದವು. ಆ ಬೆಳಕಿನಲ್ಲಿ ಉಲಮಾಗಳೂ ಸುಲ್ತಾನರೂ ಸಲಾಮ್ ಹೇಳಿದರು. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಹೊಸ ನೇಮಕ ನಿಂತಿತು. ಹತ್ತು ವರ್ಷಗಳ ಹಿಂದೆ ಒಬ್ಬ ಛಾಯಾಗ್ರಾಹಕ ಕೊನೆಯ ಕೆಲವರ ಚಿತ್ರ ತೆಗೆದರು. ಬಿಳಿಯ ಪೇಟ, ಸೊಂಟಕ್ಕೆ ಪಟ್ಟಿ, ಸುಕ್ಕುಗಟ್ಟಿದ ಮುಖಗಳು.

ನಮ್ಮ ನೆಲದ ಇತಿಹಾಸದಲ್ಲಿ ಶಾಲಾಪುಸ್ತಕ ನೆನಪಿಟ್ಟ ಖಸಿ ಒಬ್ಬನೇ: 1311ರಲ್ಲಿ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದ ಮಲಿಕ್ ಕಾಫೂರ್. ಕತ್ತಿ ಹಿಡಿದವನ ಹೆಸರು ಉಳಿಯಿತು. ಔರಂಗಝೇಬರ ಆಸ್ಥಾನದ ಖ್ವಾಜಾಸರಾ ಬಖ್ತಾವರ್ ಖಾನ್ ಮಿರ್‌ಆತೆ ಆಲಮ್ ಎಂಬ ಇತಿಹಾಸ ಗ್ರಂಥ ಬರೆದದ್ದು ಬಿ.ಎ. ಇತಿಹಾಸ ಓದಿದ ನಮಗೂ ಇತ್ತೀಚಿನವರೆಗೆ ತಿಳಿದಿರಲಿಲ್ಲ.

ದಿಲ್ಲಿಯ ಮೆಹ್ರೌಲಿಯಲ್ಲಿ, ಖ್ವಾಜಾ ಕುತ್ಬುದ್ದೀನ್ ಬಖ್ತಿಯಾರ್ ಕಾಕಿಯವರ(ರಹ್) ದರ್ಗಾದಿಂದ ಹೆಚ್ಚು ದೂರವಿಲ್ಲದ ಬಜಾರಿನ ಗದ್ದಲದಲ್ಲಿ ಒಂದು ಚಿಕ್ಕ ಬಾಗಿಲಿದೆ. ಒಳಗೆ ಮೆಟ್ಟಿಲು ಹತ್ತಿದರೆ ಸುಣ್ಣ ಬಳಿದ 49 ಗೋರಿಗಳು. ಹಿಜ್ಡೋಂ ಕಾ ಖಾನ್‌ಕಾಹ್ ಎಂದೇ ಅದರ ಹೆಸರು. ಲೋದಿಗಳ ಕಾಲದ್ದು, ಐನೂರಕ್ಕೂ ಹೆಚ್ಚು ವರ್ಷ ಹಳೆಯದು. ಮುಖ್ಯ ಗೋರಿ ಮಿಯಾ ಸಾಹೇಬ್ ಎಂದು ಕರೆಯಲಾಗುವವರದು. ದಿಲ್ಲಿಯ ತುರ್ಕಮಾನ್ ಗೇಟಿನ ಹಿಜ್ಡಾಗಳು ಇಂದಿಗೂ ಅದನ್ನು ನೋಡಿಕೊಳ್ಳುತ್ತಾರೆ. ವಿಶೇಷ ದಿನಗಳಲ್ಲಿ ಬಂದು ಬಡವರಿಗೆ ಊಟ ಹಾಕುತ್ತಾರೆ. ಗೋರಿಗಳ ಬಳಿ ಏನು ಮಾಡಬಹುದು, ಏನು ಕೂಡದು ಎಂಬ ಚರ್ಚೆ ನಮ್ಮಲ್ಲಿ ಇದ್ದದ್ದೇ, ಅದನ್ನು ಇಲ್ಲಿ ಎತ್ತುವುದಿಲ್ಲ. ಖಾನ್‌ಕಾಹ್ ಎಂಬ ಪದವನ್ನು ಗಮನಿಸಿ. ಅದು ಬರೀ ಕಬರಸ್ತಾನವಲ್ಲ, ಝಿಕ್ರ್ ಮಾಡುವವರು ಸೇರುವ ಜಾಗ. ಹಿಜ್ಡಾಗಳ ಗುರು-ಚೇಲಾ ಪರಂಪರೆಯನ್ನು ಕಂಡಾಗಲೆಲ್ಲ ನಮಗೆ ಪೀರ್-ಮುರೀದ್ ಸಿಲ್ಸಿಲಾ ನೆನಪಾಗುತ್ತದೆ. ಹೆತ್ತ ಮನೆ ಹೊರಹಾಕಿದವರಿಗೆ ಗುರುವಿನ ಮನೆಯೇ ಮನೆ.

ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಾಗ ಅದರ ಎರಡನೇ ಭಾಗ ಪೂರ್ತಿಯಾಗಿ ಇವರ ಮೇಲಿತ್ತು. ಸರಕಾರ ಇವರ ಹೆಸರು ಮತ್ತು ಆಸ್ತಿಯನ್ನು ದಾಖಲೆಗೆ ಸೇರಿಸಿತು. ನೋಂದಾಯಿತರಾದವರು ಸಾರ್ವಜನಿಕವಾಗಿ ಹೆಣ್ಣುಡುಗೆ ತೊಡುವಂತಿಲ್ಲ, ಹಾಡಿ ಕುಣಿಯುವಂತಿಲ್ಲ, ದತ್ತು ಪಡೆಯುವಂತಿಲ್ಲ, ಉಯಿಲು ಬರೆಯುವಂತಿಲ್ಲ. ಗುರುವಿನಿಂದ ಚೇಲಾಗೆ ಬರುತ್ತಿದ್ದ ಮನೆಯ ಕೊಂಡಿಯೇ ಇದರಿಂದ ಕಳಚಿತು. ಅದೇ ಮಾದರಿಯ ಕಲಮೊಂದು, ಇವರ ಪಟ್ಟಿ ಇಡಬೇಕೆನ್ನುವ 36ಎ, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಇತ್ತು. ಅದರಿಂದ ಇವರನ್ನು ಹೆಸರಿಸುವ ಪದವನ್ನು ತೆಗೆದದ್ದು 2016ರಲ್ಲಿ. ಮದೀನಾದ ಗವರ್ನರರಿಗೆ ಬಂದ ಲೆಕ್ಕ ಹಾಕುವ ಆದೇಶ ಆಗ ನೆನಪಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಮ್ ಕೋರ್ಟು ತೃತೀಯ ಲಿಂಗಿಗಳ ಹಕ್ಕನ್ನು ಎತ್ತಿಹಿಡಿದ ಮೇಲೆ ಬದಲಾದದ್ದು ಇದು.

ಈ ಜನರ ನಮಾಝ್, ರೋಝಾ ಕೆಡದೆ ಉಳಿದಿದೆಯೇ? ಉಳಿದಿದೆ, ಅದೂ ನಮ್ಮ ನೆರೆಯಲ್ಲೇ. ಹೈದರಾಬಾದಿನ ಹಿಜ್ಡಾಗಳ ನಡುವೆ ಇದ್ದು ಅಧ್ಯಯನ ಮಾಡಿದ ಗಾಯತ್ರಿ ರೆಡ್ಡಿಯವರ ಪುಸ್ತಕ 2005ರಲ್ಲಿ ಬಂತು. ಹುಟ್ಟಿನಿಂದ ಯಾವ ಧರ್ಮದವರಾಗಿದ್ದರೂ ಅಲ್ಲಿನ ಹಿಜ್ಡಾಗಳು ತಮ್ಮನ್ನು ಮುಸಲ್ಮಾನರೆಂದೇ ಕರೆದುಕೊಳ್ಳುತ್ತಾರೆ, ಖತ್ನಾ, ನಮಾಝ್, ರಮಝಾನಿನ ರೋಝಾ, ಸಾಧ್ಯವಾದವರು ಹಜ್ಜ್ ಪಾಲಿಸುತ್ತಾರೆ ಎಂದು ಅವರು ದಾಖಲಿಸಿದ್ದಾರೆ. ಅದೇ ಜನ ದೇವಿಯನ್ನೂ ನೆನೆಯುತ್ತಾರೆಂದೂ ಬರೆದಿದ್ದಾರೆ. ತೌಹೀದಿನ ಮಾತು ಬಲ್ಲ ನಮಗೆ ಅದು ಕಸಿವಿಸಿ. ಆದರೆ ಕಲಿಸುವ ಬಾಗಿಲು ಮುಚ್ಚಿದವರು ಕಲಿಯಲಿಲ್ಲವೆಂದು ದೂರುವುದು ಹೇಗೆ? ಢಾಕಾದಲ್ಲಿ 2020ರ ನವೆಂಬರಿನಲ್ಲಿ ಇವರಿಗೆಂದೇ ಒಂದು ಮದ್ರಸಾ ತೆರೆಯಿತು. ಅದೇ ದೇಶದ ಮೈಮನ್‌ಸಿಂಗ್‌ನಲ್ಲಿ ಊರ ಮಸೀದಿಯಿಂದ ಹೊರದಬ್ಬಿಸಿಕೊಂಡವರು 2024ರಲ್ಲಿ ಬ್ರಹ್ಮಪುತ್ರದ ದಡದಲ್ಲಿ ತಗಡಿನ ಒಂದು ಮಸೀದಿ ಕಟ್ಟಿಕೊಂಡರು. ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ 2008ರಿಂದ ಇವರದೇ ಒಂದು ಪೆಸಾಂತ್ರೆನ್, ಅಂದರೆ ಮದ್ರಸಾ ಇದೆ. 2016ರಲ್ಲಿ ವಿರೋಧದಿಂದ ಕೆಲಕಾಲ ಮುಚ್ಚಿತ್ತು. ಅಲ್ಲಿ ಕೆಲವರು ಪುರುಷರಂತೆ ಲುಂಗಿಯುಟ್ಟು, ಕೆಲವರು ಸ್ತ್ರೀಯರ ಬಿಳಿಯ ನಿಲುವಂಗಿ ಹೊದ್ದು ನಮಾಝ್ ಮಾಡುತ್ತಾರೆ. ಯಾರಿಗೆ ಯಾವುದರಲ್ಲಿ ಮನಸ್ಸು ನಿಲ್ಲುತ್ತದೋ ಅದು. ನಮಗೆ ಇಮಾಮ್ ಮುಹಮ್ಮದ್ ಮತ್ತು ಅಬೂ ಯೂಸುಫರ ಭಿನ್ನಾಭಿಪ್ರಾಯ ನೆನಪಾಯಿತು.

ಬೇರೆ ಮಸೀದಿ ಕಟ್ಟಿಕೊಳ್ಳುವುದು ಅವರಿಗೆ ಅನಿವಾರ್ಯವಾಯಿತು, ದೂರುವಂತಿಲ್ಲ. ಆದರೆ ಹಿದಾಯಾ ಹೇಳಿದ್ದು ಬೇರೆ ಮಸೀದಿಯನ್ನಲ್ಲ, ಇದೇ ಮಸೀದಿಯ ಒಂದು ಸಫ್‌ನ್ನು.

ಈ ಮಾತನ್ನು ಜಮಾಅತ್ ಕಮಿಟಿಯ ಮುಂದಿಟ್ಟೆವು. ಸಭೆ ಸುಲಭವಾಗಿರಲಿಲ್ಲ. ಇವತ್ತು ಒಬ್ಬರಿಗೆ ಬಿಟ್ಟರೆ ನಾಳೆ ಜನ ಏನೆಂದಾರು ಎಂದರು ಹಿರಿಯರೊಬ್ಬರು. ಇವರು ಖುನ್ಸಾ ಮುಶ್ಕಿಲ್ ಹೌದೆಂದು ಯಾರು ಪರೀಕ್ಷಿಸಿದ್ದಾರೆ ಎಂದರು ಇನ್ನೊಬ್ಬರು. ಅದು ನ್ಯಾಯವಾದ ಪ್ರಶ್ನೆಯೇ. ಯಾರೂ ಪರೀಕ್ಷಿಸುವುದಿಲ್ಲ ಎಂದೆವು. ಖುನ್ಸಾ ಆದರೆ ಪುರುಷರ ಹಿಂದಿನ ಸಫ್, ಖುನ್ಸಾ ಅಲ್ಲದಿದ್ದರೆ ಪುರುಷರ ಸಫ್. ಎರಡರಲ್ಲಿ ಯಾವುದಾದರೂ ಮಸೀದಿಯ ಒಳಗೇ ಇದೆ. ಆಗ ಯುವಕ ಸದಸ್ಯನೊಬ್ಬ ಒಂದು ತೊಡಕು ಎತ್ತಿದ. ನಮ್ಮ ಮಸೀದಿಯಲ್ಲಿ ಸ್ತ್ರೀಯರ ಸಫ್ಫೇ ಇಲ್ಲ, ಎರಡರ ನಡುವೆ ಎಂದರೆ ಎಲ್ಲಿ ಹಜ್ರತ್? ಎಲ್ಲರೂ ಸುಮ್ಮನಾದರು. ಅದು ಇನ್ನೊಂದು ಲೇಖನಕ್ಕಾಗುವ ವಿಷಯ.

ಕೊನೆಗೆ ಮುಅಝ್ಝಿನ್ ಚಾಚಾ ಎದ್ದು ಹೋಗಿ, ಕೊನೆಯ ಸಫ್‌ನ ಹಿಂದೆ, ಮೆಟ್ಟಿಲಿನ ಪಕ್ಕದಲ್ಲಿ ಒಂದು ಜಾನಿಮಾಝ್ ಹಾಸಿ ಬಂದರು. ಮರುದಿನ ನಾವೇ ಬಸ್ ನಿಲ್ದಾಣದ ಕಡೆ ಹೋಗಿ ವಿಚಾರಿಸಿ ಅವರ ಕೋಣೆ ಹುಡುಕಿದೆವು. ಹೆಸರು ಕೇಳಿದೆವು. ವಯಸ್ಸಿನಲ್ಲಿ ನಮಗಿಂತ ಹಿರಿಯರು. ಖಾಲಾ ಎಂದು ಕರೆಯಬಹುದೇ ಎಂದು ಕೇಳಿದೆವು, ನಕ್ಕರು. ಮೊದಲು ಹೇಳಿದ್ದು ತಪ್ಪಾಯಿತು, ಬನ್ನಿ ಎಂದೆವು. ಉಳಿದ ಒಂಬತ್ತು ರಾತ್ರಿಗಳಲ್ಲಿ ಏಳು ರಾತ್ರಿ ಅವರು ಬಂದರು. ಒಮ್ಮೆ ಇಬ್ಬರು ಹುಡುಗರು ಕಿಸಕ್ಕನೆ ನಕ್ಕದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಈದಿನ ಹಿಂದಿನ ರಾತ್ರಿ ನಮಾಝ್ ಮುಗಿಸಿ ಹೊರಡುವಾಗ ಅವರು ಮತ್ತೆ ಅದೇ ನಲ್ಲಿಯ ಹತ್ತಿರ ನಿಂತರು.

"ಹಜ್ರತ್, ಇನ್ನೊಂದು ಕೇಳಲಾ? ನಾಳೆ ನಾನು ಸತ್ತರೆ ಮಯ್ಯತ್‌ಗೆ ಗುಸ್ಲ್ ಯಾರು ಕೊಡ್ತಾರೆ? ನಮ್ಮವರೇ ಕೊಡಬಹುದಾ?"

ಖುನ್ಸಾದ ವಿಷಯ ಹಿದಾಯಾದಲ್ಲಿ ಓದಿದ್ದೆವು. ಆದರೆ ದೇಹ ಗಂಡಿನದಾಗಿ ಹುಟ್ಟಿ, ಶಸ್ತ್ರಚಿಕಿತ್ಸೆಯಾಗಿ, ಮೂವತ್ತು ವರ್ಷ ಹೀಗೆ ಬದುಕಿದವರ ವಿಷಯ ಅಲ್ಲಿಲ್ಲ.

"ನಮಗೆ ಗೊತ್ತಿಲ್ಲ ಖಾಲಾ, ಕೇಳಿ ಹೇಳುತ್ತೇವೆ" ಎಂದೆವು.

ದಾರುಲ್ ಇಫ್ತಾಗೆ ವಿವರವಾದ ಪತ್ರ ಬರೆದಿದ್ದೇವೆ. ಉತ್ತರ ಬಂದ ಕೂಡಲೇ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ, ಇನ್‌ಶಾ ಅಲ್ಲಾಹ್.